ಪರಭಾರೆ ಅಂದ್ರೆ ಏನು?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತು ನಾವು ಒಂದೇ ಒಂದು ಶಬ್ದದ ಬಗ್ಗೆ ಮಾತಾಡೋದಕ್ಕೆ ಬಂದಿದ್ದೇವೆ. ಆ ಶಬ್ದ 'ಪರಭಾರೆ'. ಇದು ನಿಮ್ಮ ಪಠ್ಯಪುಸ್ತಕದಲ್ಲಿ ಇಲ್ಲ, ಪರೀಕ್ಷೆಗೂ ಬರೋದಿಲ್ಲ. ಆದರೆ ನಿಮ್ಮಲ್ಲಿ ಎಷ್ಟೋ ಜನರ ಮನೆಯ ಟ್ರಂಕಿನಲ್ಲಿ, ಹಳೇ ಸೀರೆ ಮಡಿಕೆಯ ಕೆಳಗೆ ಇರೋ ಕಾಗದದಲ್ಲಿ ಈ ಶಬ್ದ ಇದೆ. ನಿಮ್ಮ ತಾತ ಅದನ್ನ ಓದಲಿಲ್ಲ, ಯಾಕಂದ್ರೆ ಓದೋಕೆ ಅವರಿಗೆ ಯಾರೂ ಕಲಿಸಲಿಲ್ಲ. ನಿಮ್ಮಪ್ಪನೂ ಓದದೆ ಇದ್ದಿರಬಹುದು. ಓದೋಕೆ ಬರೋ ಮೊದಲ ತಲೆ ನೀವು. ಅದಕ್ಕೇ ಈ ಮಾತನ್ನ ಊರಿನ ಹಿರಿಯರ ಮುಂದೆ ಆಡೋದಕ್ಕಿಂತ ಮೊದಲು ನಿಮ್ಮ ಮುಂದೆ ಆಡ್ತಾ ಇದ್ದೇವೆ.

'ಪರ' ಅಂದ್ರೆ ಬೇರೆಯವರು. ಪರಭಾರೆ ಅಂದ್ರೆ, ನಮ್ಮ ಕೈಯಲ್ಲಿದ್ದ ಆಸ್ತಿ ಪರರ ಕೈಗೆ ಹೋಗೋದು. ವ್ಯವಹಾರಸ್ಥರು ಇದನ್ನ ದಿನಾ ಬಳಸ್ತಾರೆ. ಕ್ರಯಪತ್ರಗಳಲ್ಲಿ 'ಈ ಸ್ವತ್ತನ್ನು ಈ ಮುಂಚೆ ಯಾರಿಗೂ ಪರಭಾರೆ ಮಾಡಿರುವುದಿಲ್ಲ' ಅಂತ ಬರೆಸ್ತಾರೆ. ಅವರಿಗೆ ಇದು ಒಂದು ಸಾಧಾರಣ ಶಬ್ದ. ನಮಗೆ ಸಾಧಾರಣ ಅಲ್ಲ. ಯಾಕಂದ್ರೆ ಸರ್ಕಾರ ನಮ್ಮವರಿಗೆ ದರಖಾಸ್ತಿನಲ್ಲಿ ಜಮೀನು ಕೊಟ್ಟಾಗ, ಸಾಗುವಳಿ ಚೀಟಿಯಲ್ಲಿ ಈ ಶಬ್ದದ ಮುಂದೆ 'ಕೂಡದು' ಅಂತ ಸೇರಿಸಿ ಕೊಟ್ಟಿತು. ಜಮೀನನ್ನ ಪರಭಾರೆ ಮಾಡಕೂಡದು. ಇದು ಜಮೀನು ಕೊಡುವಾಗ ಹಾಕಿದ ಕರಾರು. ಅದಕ್ಕೆ ಮುಚ್ಚಳಿಕೆಯನ್ನೂ ಬರೆಸಿಕೊಳ್ತಿದ್ದರು.

ಈ ಕರಾರು ಯಾಕೆ ಬಂತು? ಹಳೇ ಮೈಸೂರು ಸೀಮೆಯ ಭೂಕಂದಾಯ ನಿಯಮಗಳಲ್ಲೇ ಇದು ಇತ್ತು. ನಮ್ಮವರನ್ನ ಆಗ 'ಡಿಪ್ರೆಸ್ಡ್ ಕ್ಲಾಸಸ್' ಅಂತ ಕರೀತಿದ್ದರು. ಅವರಿಗೆ ಬೆಲೆ ಇಲ್ಲದೆ ಅಥವಾ ಕಡಿಮೆ ಬೆಲೆಗೆ ಜಮೀನು ಕೊಟ್ಟರೆ ಪರಭಾರೆ ಮಾಡಬಾರದು ಅನ್ನೋ ಷರತ್ತು ಹಾಕ್ತಿದ್ದರು. ಒಂದೊಂದು ಕಾಲದ ನಿಯಮದಲ್ಲಿ ಒಂದೊಂದು ಅವಧಿ. ಕೆಲವದರಲ್ಲಿ ಯಾವತ್ತಿಗೂ ಪರಭಾರೆ ಇಲ್ಲ. 1969ರ ಭೂಮಂಜೂರಾತಿ ನಿಯಮಗಳಲ್ಲಿ 15 ವರ್ಷ. ಸರ್ಕಾರಕ್ಕೆ ಗೊತ್ತಿತ್ತು: ಕೂಲಿಯವನ ಕೈಗೆ ಎರಡೆಕರೆ ಕೊಟ್ಟು ಸುಮ್ಮನೆ ಬಿಟ್ಟರೆ, ಒಂದು ಬರ, ಒಂದು ಕಾಯಿಲೆ, ಒಂದು ಮದುವೆ ಸಾಕು, ಆ ಜಮೀನು ಊರಿನ ದೊಡ್ಡವರ ಪಾಲಾಗುತ್ತೆ ಅಂತ.

ಕರಾರು ಇದ್ದರೂ ಪಾಲಾಯಿತು! ಹೆಂಗೆ ಪಾಲಾಯಿತು ಅಂತ ನೋಡಿ. ಸಾಲ ಕೊಟ್ಟವನು 'ಮಾರು' ಅನ್ನಲಿಲ್ಲ. 'ಭೋಗ್ಯಕ್ಕೆ ಹಾಕು, ಸಾಲ ತೀರೋವರೆಗೆ ನಾನು ಉತ್ಕೋತೀನಿ' ಅಂದ. ಇನ್ನೊಬ್ಬ 'ಮಾರಾಟ ಬೇಡಪ್ಪ, ಸುಮ್ನೆ ಒಂದು ಕರಾರು ಬರೆದುಕೊಡು' ಅಂದ. ಮತ್ತೊಬ್ಬ 'ವರ್ಷಕ್ಕಿಷ್ಟು ಗುತ್ತಿಗೆ ಕೊಡ್ತೀನಿ' ಅಂದ. ಛಾಪಾ ಕಾಗದ ತಂದರು. ಬರೆಯೋನೊಬ್ಬ ಬರೆದ. 'ನನ್ನ ಸಂಸಾರದ ಕಷ್ಟಪರಿಹಾರಕ್ಕಾಗಿ, ಯಾರ ಬಲವಂತವೂ ಇಲ್ಲದೆ, ಸ್ವಇಚ್ಛೆಯಿಂದ...' ಅಂತ ಶುರು. 'ಓದಿಸಿ ಕೇಳಿ ಸರಿ ಎಂದು ಒಪ್ಪಿ ಹಾಕಿದ ಹೆಬ್ಬೆಟ್ಟಿನ ಗುರುತು' ಅಂತ ಕೊನೆ. ಅದರ ಕೆಳಗೆ ಬಿಕ್ಕಲಂ ಅಂತ ಬರೆದೋನ ಹೆಸರು. ಓದಿಸಿ ಕೇಳಿದ್ದು ಯಾವಾಗ? ಓದಿ ಹೇಳಿದೋನು ಯಾರ ಕಡೆಯೋನು? ಆ ಕಾಗದದಲ್ಲಿ ಜಮೀನಿನ ನಾಲ್ಕು ಕಡೆಯ ಚಕ್ಕುಬಂದಿ ಇರುತ್ತೆ. ಹೆಬ್ಬೆಟ್ಟು ಒತ್ತಿದೋನನ್ನ ಯಾರು ಯಾರು ಸುತ್ತುಗಟ್ಟಿ ಕೂತಿದ್ದರು ಅನ್ನೋದು ಇರೋದಿಲ್ಲ.

ಭೋಗ್ಯದ ಸಾಲ ತೀರಲಿಲ್ಲ. ಕರಾರು ಮುಂದೆ ಕ್ರಯ ಆಯಿತು. ಗುತ್ತಿಗೆಗೆ ಬಂದವನು ಪಹಣಿಯಲ್ಲಿ ಹೆಸರು ಸೇರಿಸಿಕೊಂಡ. ತನ್ನದೇ ಜಮೀನಿನಲ್ಲಿ ನಮ್ಮವನು ಕೂಲಿಗೆ ಹೋದ. ಇಂಥಾದ್ದು ಒಂದು ಊರಿನ ಕತೆ ಅಲ್ಲ, ಒಂದು ತಾಲ್ಲೂಕಿನದೂ ಅಲ್ಲ. ಅದಕ್ಕೇ ದೇವರಾಜ ಅರಸರ ಕಾಲದಲ್ಲಿ ಒಂದು ಕಾಯಿದೆ ಬಂತು: ಕರ್ನಾಟಕ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯಿದೆ, 1978. ಜಾರಿಗೆ ಬಂದದ್ದು 1-1-1979ರಿಂದ. ಕಚೇರಿಯಲ್ಲಿ ಇದನ್ನ ಪಿ.ಟಿ.ಸಿ.ಎಲ್. ಅಂತಾರೆ. ಆ ನಾಲ್ಕು ಅಕ್ಷರ ಕೇಳಿದರೆ ನಿಮ್ಮ ಮನೆಯವರಿಗೆ ಏನೂ ತಿಳಿಯೋದಿಲ್ಲ. ಕಾಯಿದೆಯ ಕನ್ನಡ ಹೆಸರಿನೊಳಗೆ ನಮ್ಮ ಈ ಶಬ್ದವೇ ಕೂತಿದೆ ನೋಡಿ.

ಈಗ ಮುಖ್ಯ ಮಾತಿಗೆ ಬರೋಣ. ನಮ್ಮ ಜನ ಪರಭಾರೆ ಅಂದ್ರೆ ಮಾರಾಟ ಅಂತಷ್ಟೇ ತಿಳಿದಿದ್ದಾರೆ. 'ನಾವು ಮಾರಿಲ್ಲ ಕಣಪ್ಪ, ಬರೀ ಭೋಗ್ಯಕ್ಕೆ ಹಾಕಿದ್ದು, ಅದಕ್ಕೆ ಈ ಕಾನೂನು ಬರಲ್ವಂತೆ' ಅಂತ ಹೇಳೋರಿದ್ದಾರೆ. ಅವರಿಗೆ ಹಾಗಂತ ಹೇಳಿಕೊಟ್ಟೋನು ಯಾರು ಅಂತ ನೀವೇ ಊಹಿಸಿ. ಆದರೆ ಈ ಕಾಯಿದೆಯಲ್ಲಿ ಪರಭಾರೆಯ ಅರ್ಥ ಬಹಳ ಅಗಲ. ಕ್ರಯ ಮಾಡಿದರೆ ಪರಭಾರೆ. ದಾನ ಕೊಟ್ಟರೆ ಪರಭಾರೆ. ಅದಲುಬದಲು ಮಾಡಿಕೊಂಡರೆ ಪರಭಾರೆ. ಅಡಮಾನ ಮಾಡಿದರೆ, ಸ್ವಾಧೀನ ಕೊಡಲಿ ಬಿಡಲಿ, ಪರಭಾರೆ. ಗುತ್ತಿಗೆಗೆ ಕೊಟ್ಟರೂ ಪರಭಾರೆ. ಮುಂದೆ ಮಾರ್ತೀನಿ, ಅಡ ಇಡ್ತೀನಿ ಅಂತ ಕರಾರು ಬರೆದರೂ ಪರಭಾರೆ. ಇಷ್ಟೂ ಹೇಳಿ 'ಬೇರೆ ಯಾವುದೇ ವ್ಯವಹಾರ' ಅಂತಲೂ ಸೇರಿಸಿದ್ದಾರೆ. ಕಾಗದದ ತಲೆಬರಹ ಏನೇ ಇರಲಿ, ಜಮೀನು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಈ ಕಾಯಿದೆ ಕೇಳುತ್ತೆ.

ಎರಡನ್ನ ಹೊರಗಿಟ್ಟಿದ್ದಾರೆ. ಒಂದು, ಮನೆಯೊಳಗಿನ ವಿಭಾಗ. ಅಣ್ಣ ತಮ್ಮಂದಿರು ಪಾಲು ಮಾಡಿಕೊಂಡರೆ ಅದು ಪರಭಾರೆ ಅಲ್ಲ. ಇನ್ನೊಂದು, ಉಯಿಲು. ಉಯಿಲು ಅಂದ ತಕ್ಷಣ ಎಚ್ಚರ ಆಗಬೇಕು. ಮುಂಗಡ ದುಡ್ಡು ಎಣಿಸಿ ಕೊಟ್ಟು, ಜಮೀನಿಗೆ ನುಗ್ಗಿ, 'ಬರೀ ಉಯಿಲು ಬರೆದುಕೊಡು' ಅನ್ನೋನು ಬಂದರೆ, ಅದು ಉಯಿಲಿನ ಅಂಗಿ ತೊಟ್ಟ ಮಾರಾಟ. ಹಂಗೇ 'ಜಿ.ಪಿ.ಎ. ಮಾಡಿಕೊಡು' ಅಂತಾರೆ. ಜನರಲ್ ಪವರ್ ಆಫ್ ಅಟಾರ್ನಿ ಅಂದ್ರೆ ನನ್ನ ಪರವಾಗಿ ಓಡಾಡು ಅಂತ ಕೊಡೋ ಅಧಿಕಾರ ಅಷ್ಟೆ. ಜಿ.ಪಿ.ಎ., ಕರಾರು, ಉಯಿಲು ಇವುಗಳಿಂದ ಸ್ಥಿರಾಸ್ತಿಯ ಮಾಲೀಕತ್ವ ವರ್ಗ ಆಗೋದಿಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಹೇಳಿದೆ. ಅದು ಎಲ್ಲಾ ಜಾತಿಯವರ ಆಸ್ತಿಗೂ ಅನ್ವಯಿಸೋ ಮಾತು.

ಬ್ಯಾಂಕಿನಲ್ಲಿ ಬೆಳೆ ಸಾಲಕ್ಕೆ ಅಡ ಇಟ್ಟರೆ? ಅದು ತಪ್ಪಾಗೋದಿಲ್ಲ. ಬ್ಯಾಂಕಿಗೆ, ಸರ್ಕಾರಕ್ಕೆ, ಸ್ಥಳೀಯ ಸಂಸ್ಥೆಗೆ ಮಾಡೋ ವರ್ಗಾವಣೆಗೆ ಈ ಕಾಯಿದೆಯಲ್ಲಿ ವಿನಾಯಿತಿ ಇದೆ. 'ಈ ಕಾಯಿದೆ ಇರೋದ್ರಿಂದ ನಿಮಗೆ ಬ್ಯಾಂಕಿನಲ್ಲಿ ಸಾಲ ಹುಟ್ಟಲ್ಲ, ನಮ್ಮ ಹತ್ರನೇ ಬನ್ನಿ' ಅಂತ ಬಡ್ಡಿಯವನು ಹೇಳಿದರೆ ನಂಬಬೇಡಿ.

ಈಗ ಲೆಕ್ಕ. ಮೂರು ಲೆಕ್ಕ ಮಾಡೋಣ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮೂರರಲ್ಲೂ ಚೀಟಿಯಲ್ಲಿ 15 ವರ್ಷ ಪರಭಾರೆ ಮಾಡಕೂಡದು ಅಂತ ಇದೆ ಅಂದುಕೊಳ್ಳೋಣ.

ಮೊದಲನೇದು. 1971ರಲ್ಲಿ ಮಂಜೂರು, 1977ರಲ್ಲಿ ಕ್ರಯ. ಆರೇ ವರ್ಷ. ಕರಾರು ಮುರಿದ ಹಾಗಾಯಿತು. ಕಾಯಿದೆ ಬಂದದ್ದು ಕ್ರಯದ ಆಮೇಲೆ, ಆದರೂ ಈ ಕ್ರಯ ಶೂನ್ಯ. ಕಾಯಿದೆಯ 4ನೇ ಕಲಮಿನ ಮೊದಲನೇ ಭಾಗ, ಹಿಂದೆ ಆದದ್ದಕ್ಕೂ ಮುಂದೆ ಆಗೋದಕ್ಕೂ ಅನ್ವಯಿಸುತ್ತೆ.

ಎರಡನೇದು. 1960ರಲ್ಲಿ ಮಂಜೂರು, 1976ರಲ್ಲಿ ಕ್ರಯ. 16 ವರ್ಷ ಆಗಿತ್ತು. ಕರಾರಿನ ಅವಧಿ ಮುಗಿದಿತ್ತು, ಕಾಯಿದೆ ಇನ್ನೂ ಬಂದಿರಲಿಲ್ಲ. ಇದು ಈ ಕಾಯಿದೆಯ ಕೈಗೆ ಸಿಗೋದು ಕಷ್ಟ. ಇಂಥಾ ಕೇಸು ಹಾಕಿಸ್ತೀನಿ ಅಂತ ದುಡ್ಡು ಕೇಳೋ ದಲ್ಲಾಳಿಯಿಂದ ದೂರ ಇರಿ. ಆದರೆ ಮೂಲ ಚೀಟಿ ನೋಡದೆ ಕೈಬಿಡಬೇಡಿ. ಅದರಲ್ಲಿ 15 ವರ್ಷ ಅಂತಿದೆಯೋ, ಶಾಶ್ವತ ಅಂತಿದೆಯೋ, ಅದರ ಮೇಲೆ ಎಲ್ಲಾ ನಿಂತಿದೆ.

ಮೂರನೇದು. 1960ರಲ್ಲೇ ಮಂಜೂರು, 1985ರಲ್ಲಿ ಕ್ರಯ. '15 ವರ್ಷ ಮುಗಿದು ಎಷ್ಟೋ ಕಾಲ ಆಯ್ತಲ್ಲ, ಮಾರೋಕೆ ಅಡ್ಡಿ ಏನು' ಅಂತಾರೆ. ಎಲ್ಲರೂ ಬೀಳೋ ಗುಂಡಿ ಇದೇ. 1-1-1979ರಿಂದ ಈಚೆಗೆ, ಕರಾರಿನ ಅವಧಿ ಮುಗಿದಿದ್ದರೂ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡೋ ಹಾಗಿಲ್ಲ. ಅದು 4ನೇ ಕಲಮಿನ ಎರಡನೇ ಭಾಗ. ಅನುಮತಿ ಇಲ್ಲ ಅಂದ್ರೆ ಕ್ರಯ ಶೂನ್ಯ. ರಿಜಿಸ್ಟರ್ ಆಗಿದೆ ಅಂತ ಹೇಳಿದರೂ ಶೂನ್ಯ. ಅನುಮತಿ ಇಲ್ಲದ ಕಾಗದವನ್ನ ಸಬ್ ರಿಜಿಸ್ಟ್ರಾರು ನೋಂದಾಯಿಸಲೇಬಾರದು ಅಂತ ಅದೇ ಕಾಯಿದೆ ಹೇಳುತ್ತೆ.

ಶೂನ್ಯ ಅಂದ್ರೆ ಏನು? ಆಗಲೇ ಇಲ್ಲ ಅಂತ. ಉಪವಿಭಾಗಾಧಿಕಾರಿ, ಅಂದ್ರೆ ಎ.ಸಿ., ವಿಚಾರಣೆ ಮಾಡಿ ಜಮೀನನ್ನ ವಶಕ್ಕೆ ತಗೊಂಡು ಮೂಲ ಮಂಜೂರಿದಾರನಿಗೋ ಅವನ ವಾರಸುದಾರರಿಗೋ ಕೊಡಬೇಕು. ಅರ್ಜಿ ಕೊಟ್ಟರೂ ಆಗುತ್ತೆ, ಎ.ಸಿ. ತಾನೇ ತಿಳಿದು ಮಾಡಿದರೂ ಆಗುತ್ತೆ. ಇನ್ನೊಂದು ದೊಡ್ಡ ಮಾತು ಕೇಳಿ. ಮಂಜೂರಾದ ಜಮೀನು ಬೇರೆಯವನ ಸ್ವಾಧೀನದಲ್ಲಿದ್ದರೆ, ಅದು ಶೂನ್ಯವಾದ ಪರಭಾರೆಯಿಂದಲೇ ಬಂತು ಅಂತ ಕಾಯಿದೆ ಭಾವಿಸುತ್ತೆ. ಅಲ್ಲ ಅಂತ ತೋರಿಸಬೇಕಾದ ಹೊಣೆ ಅವನದು. ಕಾಗದ ಪತ್ರ ಎಲ್ಲಾ ಉಳ್ಳವರ ಹತ್ತಿರ ಇರುತ್ತೆ ಅನ್ನೋದು ಕಾಯಿದೆ ಬರೆದವರಿಗೆ ಗೊತ್ತಿತ್ತು.

ಕೊಂಡುಕೊಂಡವರು ಸುಮ್ಮನಿರಲಿಲ್ಲ. ಈ ಕಾಯಿದೆಯೇ ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನ ಎತ್ತಿಹಿಡಿಯಿತು. ಆದರೆ ಒಂದು ಗೆರೆಯನ್ನೂ ಹಾಕಿತು. ಕಾಯಿದೆ ಬರೋ ಮುಂಚೆಯೇ ದೀರ್ಘ ಕಾಲದ ಸ್ವಾಧೀನದಿಂದ ಹಕ್ಕು ಪೂರ್ತಿ ಮಾಡಿಕೊಂಡವರಿಗೆ ಇದು ಅನ್ವಯಿಸೋದಿಲ್ಲ ಅಂತ. ಕಾಲ ಅನ್ನೋದು ಅಲ್ಲೇ ಬಾಗಿಲಲ್ಲಿ ಬಂದು ಕೂತಿತು.

ಮುಂದೆ ಅದೇ ಕಾಲ ಒಳಗೂ ಬಂತು. ಕಾಯಿದೆಯಲ್ಲಿ ಅರ್ಜಿ ಹಾಕೋದಕ್ಕೆ ಇಷ್ಟೇ ದಿನ ಅಂತ ಬರೆದಿರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕಾಯಿದೆ ಜಾರಿಯಾಗಿ ಸುಮಾರು 25 ವರ್ಷದ ಮೇಲೆ ಅರ್ಜಿ ಹಾಕಿದರೆ ಆಗೋದಿಲ್ಲ, ಸಮಂಜಸವಾದ ಕಾಲದೊಳಗೆ ಬರಬೇಕು ಅಂತ ಹೇಳಿತು. ಆ ತೀರ್ಪನ್ನ ಹಿಡಿದು ಎಷ್ಟೋ ಅರ್ಜಿಗಳು ತಡ ಆಯಿತು ಅನ್ನೋ ಒಂದೇ ಮಾತಿಗೆ ಬಿದ್ದುಹೋದವು. ನಮ್ಮ ಜನ ಬೀದಿಗೆ ಬಂದರು, ಧರಣಿ ಕೂತರು. 2023ರ ಜುಲೈನಲ್ಲಿ ವಿಧಾನಮಂಡಲ ಕಾಯಿದೆಗೆ ತಿದ್ದುಪಡಿ ತಂದು, ಇದಕ್ಕೆ ಕಾಲಮಿತಿ ಇಲ್ಲ ಅಂತ ಬರೆಯಿತು. ಗೆದ್ದೆವು ಅಂದುಕೊಂಡೆವು. 2024ರಲ್ಲಿ ಹೈಕೋರ್ಟಿನ ಒಂದು ಪೀಠ, ಕಾಲಮಿತಿ ಬೇರೆ, ವಿಪರೀತ ವಿಳಂಬ ಬೇರೆ, ತಿದ್ದುಪಡಿ ಬಂದರೂ ವಿಳಂಬದ ಪ್ರಶ್ನೆ ಹೋಗೋದಿಲ್ಲ ಅಂತ ಹೇಳಿತು.

ಇದನ್ನ ಕೇಳಿ ನಮಗೆ ಸಿಟ್ಟು ಬರುತ್ತೆ. ಓದು ಕೊಡದೆ ಇಟ್ಟಿದ್ದು ಯಾರು? ತಲೆತಲಾಂತರ ಅಕ್ಷರದಿಂದ ದೂರ ಇಟ್ಟು, ಈಗ 'ಯಾಕೆ ತಡವಾಗಿ ಬಂದಿರಿ' ಅಂತ ಕೇಳೋದು ಯಾವ ನ್ಯಾಯ? ಈ ಪ್ರಶ್ನೆಯನ್ನ ನಾವು ಎಲ್ಲಾ ವೇದಿಕೆಯಲ್ಲೂ ಕೇಳ್ತೇವೆ, ಕೇಳಬೇಕು. ಆದರೆ ಸಿಟ್ಟಿನಿಂದ ಅರ್ಜಿಗೆ ತಾರೀಖು ಬೀಳೋದಿಲ್ಲ. ನೀವು ಪಿ.ಯು.ಸಿ. ಮುಗಿಸಿ, ಬಿ.ಎ. ಮುಗಿಸಿ, ಕೆಲಸ ಸಿಕ್ಕ ಮೇಲೆ ನೋಡೋಣ ಅಂದ್ರೆ, ಆ ಐದಾರು ವರ್ಷವನ್ನೂ ಎದುರಿನ ವಕೀಲ ವಿಳಂಬದ ಲೆಕ್ಕಕ್ಕೆ ಸೇರಿಸ್ತಾನೆ. ಅದಕ್ಕೇ ಇದು ಈ ರಜೆಯ ಕೆಲಸ.

ಒಂದು ಪ್ರಶ್ನೆ ನಿಮ್ಮಲ್ಲೇ ಏಳುತ್ತೆ. ಎಷ್ಟೋ ಸಭೆಗಳಲ್ಲಿ ಯುವಕರು ನಮ್ಮನ್ನ ಕೇಳಿದ್ದಾರೆ. 'ಬೇರೆಯವರು ಅವರ ಜಮೀನನ್ನ ಬೇಕಾದಾಗ ಮಾರ್ತಾರೆ. ನಮಗೆ ಮಾತ್ರ ಯಾಕೆ ಅನುಮತಿ? ತಂಗಿ ಓದಿಗೆ ಅಂತ ಮಾರೋಕೂ ಸರ್ಕಾರದ ಮುಂದೆ ಕೈಕಟ್ಟಿ ನಿಲ್ಲಬೇಕಾ? ಇದು ರಕ್ಷಣೆಯಾ, ಬೇಡಿಯಾ?' ಈ ಪ್ರಶ್ನೆ ಸುಳ್ಳಲ್ಲ. ಅನುಮತಿಯ ಫೈಲು ಮೇಜಿಂದ ಮೇಜಿಗೆ ತೆವಳುತ್ತೆ. 'ಇದು ಪಿ.ಟಿ.ಸಿ.ಎಲ್. ಜಮೀನು, ತಕರಾರಿನದು' ಅಂತ ಹೇಳಿ ಕೊಳ್ಳೋನು ಅರ್ಧ ಬೆಲೆಗೆ ಕೇಳ್ತಾನೆ. ಅನುಮತಿ ಬೇಗ ಆಗಬೇಕು, ಲಂಚ ಇಲ್ಲದೆ ಆಗಬೇಕು. ಇದು ನಮ್ಮ ಬೇಡಿಕೆಯೇ. ಆದರೆ ನಿಷೇಧವೇ ಬೇಡ ಅನ್ನೋ ಮುಂಚೆ ಒಂದು ಯೋಚನೆ ಮಾಡಿ. ಸರಿಯಾದ ಬೆಲೆ ಬಂದಾಗ, ಬೇಡ ಅನ್ನೋ ಶಕ್ತಿ ಇದ್ದಾಗ ಮಾರೋದು ಮಾರಾಟ. ಆಸ್ಪತ್ರೆಯಲ್ಲಿ ಮಗು ಮಲಗಿರುವಾಗ, ಸಾಲಗಾರ ಬಾಗಿಲಲ್ಲಿ ನಿಂತಿರುವಾಗ, ಅವನು ಹೇಳಿದ ಬೆಲೆಗೆ ಒತ್ತೋ ಹೆಬ್ಬೆಟ್ಟು ಮಾರಾಟ ಅಲ್ಲ. ಕಾಯಿದೆ ಇರೋದು ಆ ಎರಡನೇ ದಿನಕ್ಕಾಗಿ.

ಇನ್ನೊಂದು ಕಹಿ ಮಾತು. ಜಮೀನು ವಾಪಸ್ ಬರುತ್ತೆ ಅಂತ ಗೊತ್ತಾದ ಕೂಡಲೇ ಹೊಸ ಗಿರಾಕಿ ಬರ್ತಾನೆ. 'ಕೇಸಿನ ಖರ್ಚು ನಾನು ಹಾಕ್ತೀನಿ, ಗೆದ್ದ ಮೇಲೆ ನನಗೇ ಬರೆದುಕೊಡು' ಅಂತಾನೆ. ಊರುಗಳು ಬೆಳೆದು ಸೈಟುಗಳಾದ ಕಡೆ ಇವರ ಕಾಟ ಜಾಸ್ತಿ. ಒಬ್ಬನಿಂದ ಬಿಡಿಸಿ ಇನ್ನೊಬ್ಬನಿಗೆ ಕೊಡೋದಕ್ಕೆ ಹೋರಾಟ ಬೇಕಿಲ್ಲ. ಅವನ ಹತ್ತಿರ ಬರೆದ ಆ ಕರಾರು ಕೂಡ ಪರಭಾರೆಯೇ.

ತೋಟಿ, ತಳವಾರಿಕೆ ಚಾಕರಿಗೆ ಬಂದ ಇನಾಂ ಜಮೀನು ಇರೋ ಮನೆಯವರು ಇಲ್ಲಿದ್ದೀರಿ. ನಿಮ್ಮದು ಬೇರೆ ದಾರಿ. ವಂಶಪಾರಂಪರ್ಯ ಹುದ್ದೆಗೆ ಸೇರಿದ ಜಮೀನನ್ನ 1978ರ ಕಾಯಿದೆಯ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಅದಕ್ಕೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಇದೆ, ಅದರ ಷರತ್ತು ಬೇರೆ. ಚಾಕರಿಯ ಜಮೀನು ಎಂಥಾ ಬಂಧನ ಅನ್ನೋದನ್ನ ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನಿನ ಮಸೂದೆ ತಂದು ತೋರಿಸಿದ್ದರು. ತುಂಡು ಜಮೀನು ಕೊಟ್ಟು ಇಡೀ ಕುಲವನ್ನ ಬಿಟ್ಟಿ ದುಡಿಸಿಕೊಳ್ಳೋ ವ್ಯವಸ್ಥೆ ಅದು. ನಿಮ್ಮ ಜಮೀನು ದರಖಾಸ್ತಿನದಾ, ಇನಾಮಿನದಾ ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ತಪ್ಪು ಕಾಯಿದೆಯ ಕೆಳಗೆ ಅರ್ಜಿ ಹಾಕಿ ವರ್ಷ ಕಳೆಯಬೇಡಿ.

ಹಂಗಾದ್ರೆ ಈ ರಜೆಯಲ್ಲಿ ಊರಿಗೆ ಹೋದಾಗ ಏನು ಮಾಡಬೇಕು?

1. ಟ್ರಂಕು ತೆಗೆಸಿ. ಸಾಗುವಳಿ ಚೀಟಿ, ಪಹಣಿ, ಕಂದಾಯದ ರಸೀತಿ, ಛಾಪಾ ಕಾಗದ ಯಾವುದೇ ಇರಲಿ, ಒಂದೊಂದನ್ನೂ ಜೋರಾಗಿ ಓದಿ. ಅಪ್ಪ, ಅಮ್ಮ, ಅಜ್ಜಿ ಕೇಳೋ ಹಾಗೆ ಓದಿ. ಅಜ್ಜಿಗೆ ನೆನಪಿರೋದು ಯಾವ ದಫ್ತರದಲ್ಲೂ ಇರೋದಿಲ್ಲ.

2. ನಾಲ್ಕು ವಿಷಯ ಬರೆದುಕೊಳ್ಳಿ: ಸರ್ವೆ ನಂಬರು, ಮಂಜೂರಾದ ತಾರೀಖು, ಯಾರ ಹೆಸರಿಗೆ, ಪರಭಾರೆಯ ಷರತ್ತು ಏನು. ಜಮೀನು ಪುಕ್ಕಟೆ ಬಂತೋ, ಕಡಿಮೆ ಬೆಲೆಗೋ, ಪೂರ್ತಿ ಬೆಲೆಗೋ ಅನ್ನೋದನ್ನೂ ನೋಡಿ. ವಿಚಾರಣೆಯಲ್ಲಿ ಅದನ್ನ ಕೇಳ್ತಾರೆ.

3. ಚೀಟಿ ಕಳೆದುಹೋಗಿದ್ದರೆ ತಾಲ್ಲೂಕು ಕಚೇರಿಯಲ್ಲಿ ಮಂಜೂರಾತಿ ಕಡತದ ದೃಢೀಕೃತ ನಕಲಿಗೆ ಅರ್ಜಿ ಕೊಡಿ. 'ಕಡತ ಸಿಕ್ತಿಲ್ಲ' ಅಂದ್ರೆ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಬರೆದು ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ತಗೊಳ್ಳಿ. ಬಾಯಿಮಾತಿಗೆ ವಾಪಸ್ ಬರಬೇಡಿ.

4. ಜಮೀನು ಬೇರೆಯವರ ಕೈಯಲ್ಲಿದ್ದರೆ ಎ.ಸಿ.ಗೆ ಅರ್ಜಿ ಬರೆಸಿ. ಇಷ್ಟು ದಿನ ಯಾಕೆ ಬರಲಿಲ್ಲ ಅನ್ನೋದಕ್ಕೆ ನಿಜವಾದ ಕಾರಣವನ್ನ ಅರ್ಜಿಯಲ್ಲೇ ಬರೆಯಿರಿ. ಹಿಂದೆ ಯಾರಿಗಾದರೂ ಅರ್ಜಿ ಕೊಟ್ಟಿದ್ದರೆ ಅದರ ನಕಲು ಲಗತ್ತಿಸಿ. ಸ್ವೀಕೃತಿ ಇಲ್ಲದೆ ಕಿಟಕಿ ಬಿಟ್ಟು ಬರಬೇಡಿ. ಎ.ಸಿ. ಆದೇಶ ವಿರುದ್ಧ ಬಂದರೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಇದೆ.

5. ವಕೀಲರಿಗೆ ದುಡ್ಡಿಲ್ಲ ಅಂತ ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ಕಾನೂನು ನೆರವು ಸಿಗಬೇಕು. ಅದಕ್ಕೆ ಆದಾಯದ ಮಿತಿ ಇಲ್ಲ. ಹೆದರಿಸಿ ಜಮೀನಿಂದ ಓಡಿಸಿದರೆ ಅದು 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ಅಪರಾಧ.

6. ಒಬ್ಬರೇ ಹೋಗಬೇಡಿ. ಹಾಸ್ಟೆಲಿನಲ್ಲಿ ಒಂದೇ ತಾಲ್ಲೂಕಿನವರು ಗುಂಪು ಮಾಡಿಕೊಳ್ಳಿ. ಐದು ಜನ ನಿಂತರೆ ಗುಮಾಸ್ತ ತಲೆ ಎತ್ತಿ ನೋಡ್ತಾನೆ.

ಇದರಲ್ಲಿ ಎಲ್ಲರೂ ಗೆಲ್ತೀರಿ ಅಂತ ನಾವು ಸುಳ್ಳು ಹೇಳೋದಿಲ್ಲ. ಕೆಲವು ಜಮೀನು ಎರಡನೇ ಲೆಕ್ಕಕ್ಕೆ ಸೇರಿರುತ್ತೆ. ಕೆಲವು ಕಡೆ ಈಗ ಮನೆ, ರಸ್ತೆ ಆಗಿಹೋಗಿರುತ್ತೆ. ಆದರೆ ಕಾಗದ ಓದಿ ಸೋಲೋದು ಬೇರೆ, ಓದದೆ ಕಳಕೊಳ್ಳೋದು ಬೇರೆ. ಇನ್ನು ಮುಂದೆ ನಿಮ್ಮ ಮನೆಯಲ್ಲಿ ಯಾವ ಕಾಗದಕ್ಕೆ ಹೆಬ್ಬೆಟ್ಟು ಕೇಳಿದರೂ, ರುಜು ಕೇಳಿದರೂ, 'ನಮ್ಮ ಹುಡುಗ ಬರಲಿ, ನಮ್ಮ ಹುಡುಗಿ ಬರಲಿ, ಓದಿ ಹೇಳಲಿ, ಆಮೇಲೆ ನೋಡೋಣ' ಅಂತ ಅಪ್ಪ ಅಮ್ಮ ಹೇಳೋ ಹಾಗಾಗಬೇಕು. ನೀವು ಓದಿದ್ದು ಮೊದಲು ಅಲ್ಲಿ ಉಪಯೋಗಕ್ಕೆ ಬರಲಿ.

ಇಷ್ಟು ಹೇಳಿ ನಮ್ಮ ಮಾತು ಮುಗಿಸ್ತೇವೆ. ಈಗ ಪ್ರಶ್ನೆ ಕೇಳಿ. ಮನೆಯ ಕಾಗದದ ನಕಲು ತಂದಿರೋರು ಮುಂದೆ ಬನ್ನಿ, ಕೂತು ಒಟ್ಟಿಗೆ ಓದೋಣ.

ಜೈ ಭೀಮ್.